ಹಾಯೆನಿಸುವ ಮದ್ದು, ಕಾಯುವ ಮದ್ದು

ಯಲಹಂಕ ಉಪನಗರದ ಖಾಲಿ ಸೈಟುಗಳಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಕಾಂಗ್ರೆಸ್ ಗಿಡ ಸೊಂಟದೆತ್ತರಕ್ಕೆ ಎದ್ದು ನಿಲ್ಲುತ್ತದೆ. ತಲೆ ತುಂಬ ಅಕ್ಕಿನುಚ್ಚು ಚೆಲ್ಲಿದಂಥ ಬಿಳಿ ಹೂ. ಪೌರಕಾರ್ಮಿಕರು ಕಿತ್ತು ರಾಶಿ ಹಾಕಿ ಹೋದ ಕೆಲವೇ ವಾರಗಳಲ್ಲಿ ಪಕ್ಕದ ಸೈಟಿನಲ್ಲಿ ಹೊಸ ಪೈರು. ಅದೇ ಹೊತ್ತಿಗೆ ಆರ್.ಟಿ. ನಗರದ ಯಾವ ಕ್ಲಿನಿಕ್ಕಿಗೆ ಹೋದರೂ ಸಂಜೆಯ ಸಾಲಿನಲ್ಲಿ ಮೂಗೊರೆಸಿಕೊಳ್ಳುವವರು, ಮಗುವನ್ನು ಹೆಗಲಿಗೆ ಒರಗಿಸಿಕೊಂಡವರು ಸಿಗುತ್ತಾರೆ. ‘ವೀಜಿಂಗ್ ಇದೆ ಡಾಕ್ಟ್ರೇ, ನೆಬುಲೈಸ್ ಮಾಡಿಸ್ಕೊಂಡು ಹೋಗೋಣ ಅಂತ’ ಎನ್ನುವುದು ಒಬ್ಬರ ಮಾತಾದರೆ, ‘ಊರಲ್ಲಿ ಇರಲಿಲ್ಲ, ಬೆಂಗಳೂರಿಗೆ ಬಂದ ಮೇಲೆ ಶುರುವಾಯ್ತು’ ಎನ್ನುವುದು ಇನ್ನೊಬ್ಬರದು.

ಈ ಎರಡು ಮಾತುಗಳಲ್ಲಿ ಎರಡು ಪ್ರಶ್ನೆಗಳಿವೆ. ಬೆಂಗಳೂರಿನ ಗಾಳಿಯಲ್ಲಿ ಅಂಥದ್ದೇನಿದೆ? ಬಂದ ಕಾಯಿಲೆಗೆ ನಾವು ಮಾಡುತ್ತಿರುವ ಉಪಚಾರ ಸರಿಯೇ? ಮೊದಲನೆಯದರ ಬಗ್ಗೆ ಊರೆಲ್ಲ ಮಾತಾಡುತ್ತದೆ. ಎರಡನೆಯದರ ಬಗ್ಗೆ ಕಳೆದ ಹತ್ತು ವರ್ಷಗಳ ವೈದ್ಯಕೀಯ ಸಂಶೋಧನೆ ಹೇಳುತ್ತಿರುವುದು ಇನ್ನೂ ಮನೆಗಳಿಗೆ ತಲುಪಿಲ್ಲ. ಅಸ್ತಮಾ ಇರಲಿ, ಜೀವಕ್ಕೇ ಎರವಾಗುವ ತೀವ್ರ ಅಲರ್ಜಿ ಇರಲಿ, ಆ ಸಂಶೋಧನೆಯ ಸಾರ ಒಂದೇ: ತಕ್ಷಣ ಹಾಯೆನಿಸುವ ಮದ್ದೂ ಪ್ರಾಣ ಕಾಯುವ ಮದ್ದೂ ಬೇರೆ ಬೇರೆ. ನಾವು ಮೊದಲನೆಯದನ್ನೇ ಎರಡನೆಯದೆಂದು ನಂಬಿದ್ದೇವೆ.

ಲೆಕ್ಕಗಳು ಮತ್ತು ಲೆಕ್ಕಕ್ಕೆ ಸಿಗದವರು

ಬೆಂಗಳೂರಿಗೆ ‘ಅಸ್ತಮಾ ರಾಜಧಾನಿ’ ಎಂಬ ಅಡ್ಡಹೆಸರು ಬರಲು ಮುಖ್ಯ ಕಾರಣ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಎರಡು ದಶಕ ಬಿಡದೆ ಇಟ್ಟ ಲೆಕ್ಕ. ಅವರ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇ. 9. 1989ಕ್ಕೆ ಅದು ಶೇ. 18.5 ಆಯಿತು, 1999ಕ್ಕೆ ಶೇ. 29.5. ಶಾಲೆಗಳಿಗೇ ಹೋಗಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ವಾಹನ ದಟ್ಟಣೆ ಕಡಿಮೆ ಇದ್ದ ಕಡೆಯ ಮಕ್ಕಳಲ್ಲಿ ಅಸ್ತಮಾ ಸುಮಾರು ಶೇ. 11. ದಟ್ಟಣೆ ಹೆಚ್ಚಿದ್ದ ಕಡೆ ಶೇ. 19. ದಟ್ಟಣೆಯ ಜೊತೆಗೆ ಬಡತನವೂ ಸೇರಿದ ಕಡೆ ಶೇ. 31. ಗಾಳಿ ಎಲ್ಲರಿಗೂ ಒಂದೇ ಎನ್ನುವ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಹಾಗೆಂದು ಶೇ. 29.5ನ್ನು ಇಡೀ ನಗರದ ಮಕ್ಕಳಿಗೆ ಹಚ್ಚುವುದು ತಪ್ಪು. ಅದು ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕ. ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆಗಳ ಅಂಕಿ ತೀರ ಬೇರೆ. ದೇಶದ 12 ಕೇಂದ್ರಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ‘ಇನ್‌ಸರ್ಚ್’ ಸಮೀಕ್ಷೆ ವಯಸ್ಕರಲ್ಲಿ ಕಂಡದ್ದು ಶೇ. 2ರಷ್ಟು ಅಸ್ತಮಾ. ಮೈಸೂರೂ ಒಂದು ಕೇಂದ್ರವಾಗಿದ್ದ ಜಾಗತಿಕ ಅಸ್ತಮಾ ಜಾಲದ ಭಾರತೀಯ ಅಧ್ಯಯನ 1.27 ಲಕ್ಷ ಮಂದಿಯನ್ನು ಕೇಳಿ, ಕಳೆದೊಂದು ವರ್ಷದಲ್ಲಿ ಉಬ್ಬಸ ಕಂಡವರು ಶೇ. 3ರ ಆಸುಪಾಸು ಎಂದಿತು. ಅದೇ ಅಧ್ಯಯನದಲ್ಲಿ ಬೆಚ್ಚಿಬೀಳಿಸುವ ಅಂಕಿ ಮುಂದಿನದು. ಹಾಗೆ ಉಬ್ಬಸ ಇದ್ದವರಲ್ಲಿ ಶೇ. 82 ಮಂದಿಗೆ ಯಾವ ವೈದ್ಯರೂ ‘ನಿಮಗೆ ಅಸ್ತಮಾ ಇದೆ’ ಎಂದು ಹೇಳಿರಲಿಲ್ಲ. ತೀವ್ರ ಲಕ್ಷಣಗಳಿದ್ದವರಲ್ಲೂ ಶೇ. 70 ಮಂದಿಯ ಕತೆ ಇದೇ.

ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಎಂಟರಲ್ಲೊಬ್ಬರು ಭಾರತೀಯರು. ಅಸ್ತಮಾದಿಂದ ಸಾಯುವವರಲ್ಲಿ ಹತ್ತಕ್ಕೆ ನಾಲ್ವರು ಭಾರತೀಯರು. ಕಾಯಿಲೆ ನಮ್ಮಲ್ಲಿ ವಿಶೇಷ ಕ್ರೂರವಾಗಿದೆ ಎಂದು ಇದರ ಅರ್ಥವಲ್ಲ. ಅಲರ್ಜಿ ಕೆಮ್ಮು, ಕಫ, ನೆಗಡಿ, ‘ಸ್ವಲ್ಪ ದಮ್ಮು’ ಎಂದು ಹೆಸರು ಮರೆಸಿಕೊಂಡೇ ಕಾಯಿಲೆ ಬೆಳೆಯುತ್ತದೆ. ಹುಡುಗಿಗೆ ಅಸ್ತಮಾ ಎಂದರೆ ಗಂಡು ಸಿಗುವುದಿಲ್ಲ ಎಂಬ ಭಯ ಇನ್ನೂ ಸತ್ತಿಲ್ಲ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಕೊಡುವ ಮೀನಿನ ಮದ್ದಿಗೆ ರಾತ್ರಿಯಿಡೀ ಸಾಲು ನಿಲ್ಲುವವರು, ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಕಂಡರೆ ‘ಪಂಪು ಅಭ್ಯಾಸ ಆಗಿಬಿಡುತ್ತೆ’ ಎಂದು ಹಿಂದೆ ಸರಿಯುತ್ತಾರೆ.

ಮೂರು ಕ್ಯಾಂಪಸ್ಸು, ಒಂದು ಗಿಡ, ಒಂದು ಹುಳು

ಗಾಳಿಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಮೂರು ಕ್ಯಾಂಪಸ್ಸುಗಳು ಬೆಂಗಳೂರಿನ ಉತ್ತರ ಭಾಗದಲ್ಲೇ ಇವೆ.

ಮೊದಲನೆಯದು ಯಶವಂತಪುರಕ್ಕೆ ಅಂಟಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವಿಡೀ ಹರಡಿದ ಅಮೆರಿಕ ಮೂಲದ ಕಳೆ. ಅದು ಮೈಗೆ ತಾಗಿದರೆ ಚರ್ಮ ಕೆಂಪಾಗಿ ತುರಿಸುತ್ತದೆ ಎನ್ನುವುದು ರೈತರಿಗೆಲ್ಲ ಗೊತ್ತಿತ್ತು. ಆದರೆ ಅದರ ಪರಾಗ ಉಸಿರಿನೊಳಗೆ ಹೋದರೆ? ಸಂಸ್ಥೆಯ ಜೀವರಸಾಯನ ವಿಭಾಗದ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳ ಚರ್ಮಕ್ಕೆ ಪರಾಗದ ಸಾರವನ್ನು ಚುಚ್ಚಿ ಪರೀಕ್ಷಿಸಿದರು. ಮೂಗಿನ ಅಲರ್ಜಿ ಇದ್ದವರಲ್ಲಿ ಶೇ. 34, ಅಸ್ತಮಾ ಇದ್ದವರಲ್ಲಿ ಶೇ. 12 ಮಂದಿಯ ಚರ್ಮ ಉಬ್ಬಿತು. 1990ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಕೆಲಸ, ಕಳೆಯೆಂದು ಕೃಷಿ ಇಲಾಖೆ ನೋಡುತ್ತಿದ್ದ ಗಿಡವನ್ನು ಆಸ್ಪತ್ರೆಯ ವಿಷಯವಾಗಿಸಿತು. ಒಂದೇ ಗಿಡ 62 ಕೋಟಿಯಷ್ಟು ಪರಾಗ ಕಣ ಉದುರಿಸಬಲ್ಲದು ಎಂಬ ಅಂದಾಜು ಕೊಟ್ಟವರೂ ನಮ್ಮವರೇ, ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ.

ಎರಡನೆಯದು ಯಲಹಂಕದಿಂದ ಆಚೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಇಲ್ಲಿನ ಕೆ.ಪಿ. ಜಯಂತ್ 1983ರಲ್ಲಿ ಮೆಕ್ಸಿಕೋದಿಂದ ಒಂದು ದುಂಬಿ ತರಿಸಿದರು. ಜೈಗೊಗ್ರಾಮ ಎಂಬ ಹೆಸರಿನ, ಬೆನ್ನ ಮೇಲೆ ಪಟ್ಟೆಗಳಿರುವ ಇದರ ಊಟ ಪಾರ್ಥೇನಿಯಂ ಎಲೆ. 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಟ್ಟ ಹುಳು ಕೆಲವೇ ವರ್ಷಗಳಲ್ಲಿ ಮಳೆಗಾಲದ ಗಿಡಗಳನ್ನು ಕಡ್ಡಿಯಾಗಿಸತೊಡಗಿತು. ಅಷ್ಟರಲ್ಲಿ ರೈತರಿಂದ ದೂರು: ಹುಳು ಸೂರ್ಯಕಾಂತಿಗೂ ಬಾಯಿ ಹಾಕುತ್ತಿದೆ! ವಿಚಾರಣಾ ಸಮಿತಿ ಬಂತು, ಬಿಡುಗಡೆ ನಿಂತಿತು. ಕೊನೆಗೆ ತಿಳಿದದ್ದು ಸ್ವಾರಸ್ಯಕರ. ಸುತ್ತಲಿನ ಪಾರ್ಥೇನಿಯಂನ ಪರಾಗ ಗಾಳಿಯಲ್ಲಿ ತೇಲಿಬಂದು ಸೂರ್ಯಕಾಂತಿ ಎಲೆಯ ಮೇಲೆ ಕೂರುತ್ತಿತ್ತು. ಆ ರುಚಿಗೆ ಹುಳು ಮೋಸಹೋಗುತ್ತಿತ್ತು. ಮನುಷ್ಯರ ಮೂಗಿಗೆ ಬರುವ ಪರಾಗವೇ ಹುಳುವಿನ ದಾರಿಯನ್ನೂ ತಪ್ಪಿಸಿತ್ತು.

ಮೂರನೆಯದು ಹೆಬ್ಬಾಳ ದಾಟಿದರೆ ಸಿಗುವ ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಜಿ.ಪಿ. ಚನ್ನಬಸವಣ್ಣ ಕಟ್ಟಿದ ನುಸಿ ಅಧ್ಯಯನದ ಪರಂಪರೆ ಎಷ್ಟು ಹೆಸರಾಗಿತ್ತೆಂದರೆ 1986ರ ಅಂತಾರಾಷ್ಟ್ರೀಯ ನುಸಿ ವಿಜ್ಞಾನ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಕಣ್ಣಿಗೆ ಕಾಣದ ಈ ಜೀವಿಗಳ ಒಂದು ಬಳಗ ಮಲಗುವ ಹಾಸಿಗೆ, ದಿಂಬು, ಸೋಫಾಗಳಲ್ಲಿ ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಜಗತ್ತಿನಾದ್ಯಂತ ಅಸ್ತಮಾದ ದೊಡ್ಡ ಕಾರಣಗಳಲ್ಲೊಂದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಹೆಚ್ಚು ಸೆಖೆಯೂ ಹೆಚ್ಚು ಚಳಿಯೂ ಇಲ್ಲದೆ ತಣ್ಣಗಿರುವ ಊರು ಎಂದು ನಾವು ಹೊಗಳುವ ಹವೆ, ನುಸಿಗೂ ಬೂಸ್ಟಿಗೂ ಅಷ್ಟೇ ಹಿತ.

ಇವುಗಳ ಮೇಲೆ ಬಳ್ಳಾರಿ ರಸ್ತೆಯ ಹೊಗೆ, ಪೀಣ್ಯದ ಕಾರ್ಖಾನೆಗಳು, ಮುಗಿಯದ ಮೆಟ್ರೋ ಕಾಮಗಾರಿಯ ದೂಳು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಿತು. ಭಾರತದ ಮಿತಿ ಇಂದಿಗೂ 40. ಅಂದರೆ ಹೆಬ್ಬಾಳದ ಮಾಪಕ ‘ತೃಪ್ತಿಕರ’ ಎಂದು ತೋರಿಸಿದ ದಿನವೂ ಶ್ವಾಸಕೋಶ ಹಾಗೆ ಭಾವಿಸಬೇಕಿಲ್ಲ.

ಗಾಳಿಯನ್ನು ಸರಿಪಡಿಸಬಹುದು ಎನ್ನುವುದಕ್ಕೆ ಒಂದು ಚಂದದ ಉದಾಹರಣೆ ಬಾರ್ಸಿಲೋನಾ. 1980ರ ದಶಕದಲ್ಲಿ ಆ ಊರಿನಲ್ಲಿ ಕೆಲವು ದಿನ ಇದ್ದಕ್ಕಿದ್ದಂತೆ ಅನೇಕ ಮಂದಿ ಉಬ್ಬಸದಿಂದ ಆಸ್ಪತ್ರೆ ಸೇರುತ್ತಿದ್ದರು. ಬಂದರಿನಲ್ಲಿ ಸೋಯಾ ಕಾಳು ಇಳಿಸಿದ ದಿನಗಳಿಗೂ ಇದಕ್ಕೂ ತಾಳೆಯಾಯಿತು. ಕಣಜಕ್ಕೆ ಶೋಧಕ ಅಳವಡಿಸಿದರು, ಪಿಡುಗು ನಿಂತಿತು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಕಾಳು, ಮೆಣಸಿನಕಾಯಿ, ಈರುಳ್ಳಿ ಸಿಪ್ಪೆಯ ದೂಳಿನ ನಡುವೆ ಮೂಟೆ ಹೊರುವ ಹಮಾಲರನ್ನು ನೋಡಿದಾಗಲೆಲ್ಲ ಈ ಕತೆ ನೆನಪಾಗುತ್ತದೆ. ಮೂಲ ಗುರುತಿಸಿದರೆ ಪರಿಹಾರ ಒಂದು ಜಾಲರಿಯಷ್ಟು ಸರಳವಿದ್ದೀತು.

ನೀಲಿ ಪಂಪಿನ ಮೋಸ

ಕಾರಣಗಳು ನೂರು ಇರಲಿ, ಒಳಗೆ ನಡೆಯುವುದು ಹೆಚ್ಚು ಕಡಿಮೆ ಒಂದೇ. ಶ್ವಾಸನಾಳದ ಒಳಗೋಡೆ ವರ್ಷಗಟ್ಟಲೆ ಬಾತುಕೊಂಡಿರುತ್ತದೆ. ಇದು ಉರಿಯೂತ. ಅದರ ಮೇಲೆ ಪರಾಗವೋ ಹೊಗೆಯೋ ವೈರಸ್ಸೋ ತಾಗಿದಾಗ ಸುತ್ತಲಿನ ಸ್ನಾಯು ಹಿಂಡಿ ನಾಳ ಕಿರಿದಾಗುತ್ತದೆ. ನಮಗೆ ಅನುಭವಕ್ಕೆ ಬರುವುದು ಈ ಹಿಂಡುವಿಕೆ ಮಾತ್ರ. ಊದಿಕೊಂಡ ಗೋಡೆ ಸದ್ದು ಮಾಡುವುದಿಲ್ಲ.

ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಹಿಂಡಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಎದೆ ಹಗುರಾಗುತ್ತದೆ. ಉರಿಯೂತವನ್ನು ಅದು ಮುಟ್ಟುವುದೂ ಇಲ್ಲ. ಇದರಿಂದಾಗುವ ಅಪಾಯದ ಒಂದು ಪಾಠ ನ್ಯೂಜಿಲೆಂಡಿನದು. 1970ರ ದಶಕದ ಕೊನೆಯಲ್ಲಿ ಅಲ್ಲಿ ಅಸ್ತಮಾ ಸಾವುಗಳು ಏರಿದವು. 1989ರ ಒಂದು ಅಧ್ಯಯನ ಫೆನೊಟೆರಾಲ್ ಎಂಬ ಇಂಥದೇ ಹಾಯೆನಿಸುವ ಇನ್‌ಹೇಲರಿನತ್ತ ಬೊಟ್ಟು ಮಾಡಿತು. ಅದರ ಬಳಕೆ ಕಡಿಮೆಯಾದಂತೆ ಸಾವೂ ಇಳಿಯಿತು.

2024ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೋಡಿ ರೋಸೆನ್‌ಬ್ಲಾಟ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ತುಂಡು ಜೋಡಿಸಿತು. ನಾಳ ಹಿಂಡಿದಾಗ ಒಳಪದರದ ಜೀವಕೋಶಗಳು ಒತ್ತಡ ತಾಳಲಾರದೆ ಕಿತ್ತು ಹೊರಬೀಳುತ್ತವೆ. ಗೋಡೆಯ ಗಾರೆ ಉದುರಿದಂತೆ. ಆ ಗಾಯವೇ ಹೊಸ ಉರಿಯೂತಕ್ಕೆ, ಅದು ಮುಂದಿನ ದಾಳಿಗೆ ದಾರಿ. ಸ್ನಾಯುವನ್ನು ಸಡಿಲಿಸಿದ ಮಾತ್ರಕ್ಕೆ ಉದುರಿದ ಗಾರೆ ಮತ್ತೆ ಕೂರುವುದಿಲ್ಲ. ಪ್ರತಿ ದಾಳಿಯೂ ಮುಂದಿನದಕ್ಕೆ ಬಿತ್ತನೆ ಎನ್ನುವುದಕ್ಕೆ ಇದಕ್ಕಿಂತ ನೇರ ವಿವರಣೆ ಹಿಂದೆ ಸಿಕ್ಕಿರಲಿಲ್ಲ.

ಚಿಕಿತ್ಸೆಯ ಮಗ್ಗುಲಲ್ಲಿ ತಿರುವು ಬಂದದ್ದು 2018–19ರಲ್ಲಿ. ‘ಸಿಗ್ಮಾ’ ಮತ್ತು ‘ನಾವೆಲ್ ಸ್ಟಾರ್ಟ್’ ಪ್ರಯೋಗಗಳು ಸೌಮ್ಯ ಅಸ್ತಮಾ ಇದ್ದವರಿಗೆ ಒಂದು ಸರಳ ಬದಲಾವಣೆ ಮಾಡಿದವು. ಉಬ್ಬಸ ಬಂದಾಗ ಬರೀ ನೀಲಿ ಪಂಪಿನ ಬದಲು, ನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಜೊತೆ ಉರಿಯೂತ ತಗ್ಗಿಸುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಕೂಡ ಇರುವ ಇನ್‌ಹೇಲರ್ ಸೇದಿಸುವುದು. ‘ನಾವೆಲ್ ಸ್ಟಾರ್ಟ್’ನಲ್ಲಿ ದಾಳಿಗಳು ಅರ್ಧಕ್ಕೆ ಇಳಿದವು. 2019ರಲ್ಲಿ ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ ‘ಗೀನಾ’, ಹನ್ನೆರಡು ದಾಟಿದವರಿಗೆ ನೀಲಿ ಪಂಪು ಒಂದನ್ನೇ ಕೊಡುವುದನ್ನು ಕೈಬಿಟ್ಟಿತು. ಐವತ್ತು ವರ್ಷಗಳ ರೂಢಿ ಒಂದೇ ಏಟಿಗೆ ಹಳತಾಯಿತು. 5ರಿಂದ 15ರ ಮಕ್ಕಳಲ್ಲಿ ನ್ಯೂಜಿಲೆಂಡಿನಲ್ಲೇ ನಡೆದು 2025ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಪ್ರಯೋಗವೂ ಜೋಡಿ ಇನ್‌ಹೇಲರ್ ದಾಳಿಗಳನ್ನು ಶೇ. 45 ತಗ್ಗಿಸಿದ್ದನ್ನು ತೋರಿಸಿತು.

ಇದರಾಚೆಗೆ ಜೈವಿಕ ಔಷಧಗಳ ಹೊಸ ಲೋಕವಿದೆ. ಅಲರ್ಜಿಯ ಪ್ರತಿಕಾಯ ಐಜಿಇಯನ್ನು ಹಿಡಿದುಹಾಕುವ ಒಮಾಲಿಜುಮಾಬ್ 2003ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಬಳಿಕ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಗುರಿಯಾಗಿಸಿದ ಚುಚ್ಚುಮದ್ದುಗಳು ಬಂದವು. 2024ರ ‘ಆಬ್ರಾ’ ಪ್ರಯೋಗದಲ್ಲಿ, ಈ ಕಣಗಳು ಹೆಚ್ಚಿದ್ದ 158 ಮಂದಿಗೆ ದಾಳಿಯ ಹೊತ್ತಿನಲ್ಲೇ ಚಿಕಿತ್ಸೆ ಕೊಟ್ಟು ನೋಡಿದರು. ಮೂರು ತಿಂಗಳಲ್ಲಿ ಚಿಕಿತ್ಸೆ ವಿಫಲವಾದದ್ದು ಹಳೆಯ ಸ್ಟೀರಾಯ್ಡ್ ಮಾತ್ರೆಯವರಲ್ಲಿ ಶೇ. 74, ಬೆನ್ರಾಲಿಜುಮಾಬ್ ಪಡೆದವರಲ್ಲಿ ಶೇ. 45. ತೀವ್ರ ಅಸ್ತಮಾದವರಿಗೆ ಇದು ನಿಜವಾದ ಭರವಸೆ. ಆದರೆ ಡೋಸಿಗೆ ಹತ್ತಾರು ಸಾವಿರ ರೂಪಾಯಿಯ ಈ ಮದ್ದು ಬೇಕಾಗುವುದು ಕೆಲವರಿಗೆ. ಉಳಿದ ಬಹುಪಾಲು ಜನಕ್ಕೆ ಬೇಕಾದ ಜೋಡಿ ಇನ್‌ಹೇಲರ್ ಮೂಲೆಯ ಮೆಡಿಕಲ್ ಶಾಪಿನಲ್ಲೇ ಇದೆ. ಅಲ್ಲಿ ಗಿರಾಕಿ ಕೇಳುವುದು ಮಾತ್ರ ನೀಲಿಯದನ್ನು.

ನಂಜು, ನಿಜ ಅಲರ್ಜಿ, ಮತ್ತು ಅರ್ಧ ಗಂಟೆ

ಊಟದ ಅಲರ್ಜಿಯ ಬಗ್ಗೆ ನಮ್ಮ ಅಜ್ಜಿಯರ ಹತ್ತಿರ ‘ನಂಜು’ ಎಂಬ ಪದವಿತ್ತು. ಗಾಯವಾದವರಿಗೆ, ಬಾಣಂತಿಗೆ ಬದನೆಕಾಯಿ ಕೊಡಬಾರದು, ನಂಜು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ.ಪಿ. ವೆಂಕಟೇಶ್ ತಂಡ ಇದನ್ನೇ ಪ್ರಯೋಗಕ್ಕೆ ಒಡ್ಡಿತು. 741 ಮಂದಿಯಲ್ಲಿ ಶೇ. 9.2 ಜನರ ಚರ್ಮ ಬದನೆ ಸಾರಕ್ಕೆ ಪ್ರತಿಕ್ರಿಯಿಸಿತು. ನಿಜವಾದ ಐಜಿಇ ಅಲರ್ಜಿ ಇದ್ದವರು ಶೇ. 0.8 ಮಾತ್ರ. ಬದನೆಯಲ್ಲೇ ಇರುವ ಹಿಸ್ಟಮಿನ್‌ನಂಥ ಅಂಶಗಳು ಅಲರ್ಜಿಯಿಲ್ಲದವರಿಗೂ ತುರಿಕೆ ತರಬಲ್ಲವು. ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಅಲರ್ಜಿಯೂ ಅಲ್ಲ.

ಈ ವ್ಯತ್ಯಾಸ ದೊಡ್ಡದು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮುಂದಾಳಾಗಿ ಕರ್ನಾಟಕದ 11,791 ವಯಸ್ಕರನ್ನು ಕೇಳಿ ಆರಂಭಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತಪರೀಕ್ಷೆ ಯಾವುದಾದರೂ ಆಹಾರಕ್ಕೆ ಪಾಸಿಟಿವ್ ಎಂದದ್ದು ಶೇ. 26.5 ಜನರಲ್ಲಿ. ತಿಂದರೆ ನಿಜಕ್ಕೂ ತೊಂದರೆಯಾಗುವ ಸಂಭವವಿದ್ದವರು ಶೇ. 1.2. ಮಕ್ಕಳ ಅಧ್ಯಯನದಲ್ಲಿ ಹಾಂಗ್‌ಕಾಂಗಿನ ಶೇ. 1.5ರ ಎದುರು ನಮ್ಮದು ಶೇ. 0.14. ಸಾವಿರಾರು ರೂಪಾಯಿ ತೆತ್ತು ‘ಅಲರ್ಜಿ ಪ್ಯಾನೆಲ್’ ಮಾಡಿಸಿ, ಬಂದ ಪಟ್ಟಿ ನೋಡಿ ಮಗುವಿಗೆ ಹಾಲು, ಬೇಳೆ, ಮೊಟ್ಟೆ ಎಲ್ಲ ನಿಲ್ಲಿಸುವ ತಂದೆತಾಯಿ ಓದಬೇಕಾದ ಅಂಕಿಗಳಿವು. ತಿಂದು ಏನೂ ಆಗದ ಪದಾರ್ಥಕ್ಕೆ ಪರೀಕ್ಷೆ ಪಾಸಿಟಿವ್ ಎಂದರೆ ಊಟ ಬಿಡಬೇಕಿಲ್ಲ.

ಬಿಡುವುದೇ ಅಪಾಯ ಎನ್ನುವುದಕ್ಕೂ ಸಾಕ್ಷ್ಯವಿದೆ. 2015ರಲ್ಲಿ ಗಿಡಿಯನ್ ಲ್ಯಾಕ್ ತಂಡದ ‘ಲೀಪ್’ ಪ್ರಯೋಗ, ಅಲರ್ಜಿಯ ಅಪಾಯವಿದ್ದ 640 ಹಸುಳೆಗಳಲ್ಲಿ ಅರ್ಧಕ್ಕೆ ಚಿಕ್ಕಂದಿನಿಂದಲೇ ಕಡಲೆಕಾಯಿ ತಿನ್ನಿಸಿತು, ಉಳಿದವರಿಗೆ ದೂರವಿಟ್ಟಿತು. ಐದನೇ ವಯಸ್ಸಿಗೆ ನೋಡಿದರೆ ತಿಂದವರಲ್ಲಿ ಕಡಲೆಕಾಯಿ ಅಲರ್ಜಿ ಶೇ. 80ರಷ್ಟು ಕಡಿಮೆ. ಬಸವನಗುಡಿಯ ಪರಿಷೆಯಲ್ಲಿ ಮಕ್ಕಳ ಜೇಬು ತುಂಬಿಸುವ ನಮ್ಮ ರೂಢಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ನುಂಗಲು ಕಲಿಯದ ಕೂಸಿಗೆ ಇಡೀ ಬೀಜ ಕೊಡದೆ ಅರೆದು ತಿನ್ನಿಸಬೇಕು, ಅಷ್ಟೆ.

ಆದರೆ ನಿಜ ಅಲರ್ಜಿ ಕೆರಳಿದಾಗ ಎಣಿಸಲು ಸಿಗುವುದು ನಿಮಿಷಗಳು. ಫ್ರೆಂಚ್ ವಿಜ್ಞಾನಿಗಳಾದ ರಿಶೇ ಮತ್ತು ಪೋರ್ತಿಯೆ 1902ರಲ್ಲಿ ‘ಅನಫಿಲ್ಯಾಕ್ಸಿಸ್’ ಎಂದು ಹೆಸರಿಟ್ಟ ಈ ಸ್ಥಿತಿಯಲ್ಲಿ ಮೈಯೆಲ್ಲ ದದ್ದು, ತುಟಿ ನಾಲಗೆ ಊತ, ಉಬ್ಬಸ, ವಾಂತಿ, ಕುಸಿಯುವ ರಕ್ತದೊತ್ತಡ ಒಟ್ಟೊಟ್ಟಿಗೆ ಬರಬಹುದು. ದದ್ದೇ ಇಲ್ಲದೆಯೂ ಬರಬಹುದು. ನಮ್ಮಲ್ಲಿ ಇದಕ್ಕೆ ಆಹಾರಕ್ಕಿಂತ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್ ಚುಚ್ಚುಮದ್ದು, ಜೇನುನೊಣದ ಕಡಿತಗಳ ಕಡೆ ಕಣ್ಣಿಡಬೇಕು. ಹೆಬ್ಬಾಳ, ಯಲಹಂಕದ ಎತ್ತರದ ಅಪಾರ್ಟ್‌ಮೆಂಟುಗಳ ಸಜ್ಜಾಗಳಿಗೆ ಹೆಜ್ಜೇನು ಗೂಡು ಕಟ್ಟುವುದು ಹೊಸದಲ್ಲ.

ಬ್ರಿಟನ್ನಿನ ರಿಚರ್ಡ್ ಪಂಫ್ರಿ ಇಂಥ ಸಾವುಗಳ ದಾಖಲೆಗಳನ್ನು ಒಂದೊಂದಾಗಿ ತೆರೆದು 2000ರಲ್ಲಿ ಕೊಟ್ಟ ಲೆಕ್ಕ ನೆನಪಿಡುವಂಥದ್ದು. ಹೃದಯ ಅಥವಾ ಉಸಿರು ನಿಲ್ಲಲು ಹಿಡಿದ ಮಧ್ಯಮ ಅವಧಿ ಆಹಾರದಿಂದಾದರೆ 30 ನಿಮಿಷ, ಜೇನುನೊಣದಂಥ ಕೀಟದ ಕಡಿತದಿಂದಾದರೆ 15, ಆಸ್ಪತ್ರೆಯ ಔಷಧದಿಂದಾದರೆ 5. ಸಂಜೆ ಆರಕ್ಕೆ ಹೆಬ್ಬಾಳ ಮೇಲ್ಸೇತುವೆ ದಾಟಲು ಎಷ್ಟು ಹೊತ್ತು ಬೇಕು ಎನ್ನುವುದು ಈ ಭಾಗದವರಿಗೆ ಹೇಳಬೇಕಿಲ್ಲ. ಅವರದೇ ಇನ್ನೊಂದು ಅವಲೋಕನ: ಕುಸಿದವರನ್ನು ಎಬ್ಬಿಸಿ ನಿಲ್ಲಿಸಿದಾಗ, ಕೂರಿಸಿದಾಗ ಹಠಾತ್ ಸಾವು ಸಂಭವಿಸಿದೆ. ನಾವು ಮಾಡುವುದು ಅದನ್ನೇ, ಎಬ್ಬಿಸಿ ಆಟೋದಲ್ಲಿ ಕೂರಿಸುತ್ತೇವೆ. ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟ ತೀರ ಕಷ್ಟವಾದರೆ ಮಾತ್ರ ಕಾಲು ಚಾಚಿ ಒರಗಿಸಬೇಕು.

ಕಾಯುವ ಮದ್ದು ಒಂದೇ, ಅಡ್ರಿನಲಿನ್. ತೊಡೆಯ ಹೊರಮಗ್ಗುಲ ನಡುಭಾಗದ ಸ್ನಾಯುವಿಗೆ, ತೂಕದ ಕೆಜಿಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ. ಆಂಪೂಲಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಆದರೂ ನಮ್ಮ ಎಷ್ಟೋ ಕಡೆ ಮೊದಲು ಬೀಳುವುದು ಅವಿಲ್ ಎಂಬ ತುರಿಕೆಯ ಮದ್ದು ಮತ್ತು ಸ್ಟೀರಾಯ್ಡ್ ಚುಚ್ಚುಮದ್ದು. ಅವಿಲ್ ತುರಿಕೆ ತಣಿಸುತ್ತದೆ, ದದ್ದು ಇಳಿಸುತ್ತದೆ, ರೋಗಿಯ ಕಡೆಯವರಿಗೆ ಸಮಾಧಾನವಾಗುತ್ತದೆ. ಮುಚ್ಚುತ್ತಿರುವ ಗಂಟಲನ್ನು ತೆರೆಯುವ, ಕುಸಿಯುತ್ತಿರುವ ರಕ್ತದೊತ್ತಡ ಎತ್ತುವ ಶಕ್ತಿ ಅದಕ್ಕಿಲ್ಲ. ನೀಲಿ ಪಂಪಿನ ಕತೆಯೇ ಇಲ್ಲೂ.

ಸೂಜಿಯ ಭಯಕ್ಕೆ ಪರಿಹಾರವಾಗಿ ಅಡ್ರಿನಲಿನ್ ಮೂಗಿನ ಸ್ಪ್ರೇಗೆ 2024ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಫೆಬ್ರವರಿಯಲ್ಲಿ ಒಮಾಲಿಜುಮಾಬ್‌ಗೆ ಆಹಾರ ಅಲರ್ಜಿಯಲ್ಲೂ ಅನುಮತಿ ಸಿಕ್ಕಿತ್ತು. ಪ್ರಯೋಗದಲ್ಲಿ ಇದನ್ನು ಪಡೆದವರಲ್ಲಿ ಶೇ. 67 ಮಂದಿ ಎರಡು ಮೂರು ಕಡಲೆಕಾಯಿಯಷ್ಟು ಪ್ರೋಟೀನನ್ನು ತಾಳಿಕೊಂಡರು. ಬರೀ ಹುಸಿಮದ್ದಿನವರಲ್ಲಿ ಶೇ. 7. ಇವೆಲ್ಲ ಒಳ್ಳೆಯ ಸುದ್ದಿ. ಅವು ಇಲ್ಲಿ ಎಲ್ಲರ ಕೈಗೆಟಕುವವರೆಗೆ, ತೀವ್ರ ಅಲರ್ಜಿ ಒಮ್ಮೆ ಕಂಡವರು ಅಡ್ರಿನಲಿನ್ ಇಟ್ಟುಕೊಳ್ಳುವ ಮತ್ತು ಚುಚ್ಚುವ ಕ್ರಮವನ್ನು ತಮ್ಮ ವೈದ್ಯರಿಂದ ಕಲಿಯಲು ತಡೆ ಏನೂ ಇಲ್ಲ.

ಬೀಜ ಮಣ್ಣಲ್ಲೇ ಇದೆ

ಕರ್ನಾಟಕದಲ್ಲಿ ಪಾರ್ಥೇನಿಯಂ ನಿರ್ಮೂಲನೆಗೆ ಕಾನೂನಿನ ಬಲವೂ ಇದೆ, ಹೆಸರಘಟ್ಟದ ಹುಳುವೂ ಇದೆ. ಆದರೂ ಯಲಹಂಕದ ಸೈಟು ಬಿಳಿಯಾಗುವುದು ತಪ್ಪಿಲ್ಲ. ಕಾರಣ ಹುಳುವಿನ ದಿನಚರಿಯಲ್ಲಿದೆ. ವರ್ಷದಲ್ಲಿ ಕೆಲವು ತಿಂಗಳು ಅದು ಮಣ್ಣಿನೊಳಗೆ ಹೋಗಿ ನಿದ್ರಿಸುತ್ತದೆ. ಗಿಡ ಒಂದು ಸಲಕ್ಕೆ ಸಾವಿರಾರು ಬೀಜ ಚೆಲ್ಲಿರುತ್ತದೆ. ಬಯಲು ಬೋಳಾಗಿ ಕಂಡ ತಿಂಗಳುಗಳಲ್ಲೂ ಅವು ಅಲ್ಲೇ ಇರುತ್ತವೆ, ಮುಂದಿನ ಹದ ಮಳೆ ಕಾಯುತ್ತ.

ಅಸ್ತಮಾ ರೋಗಿ ‘ಈಗ ಆರಾಮಿದ್ದೀನಿ’ ಎಂದು ಸ್ಟೀರಾಯ್ಡ್ ಇನ್‌ಹೇಲರನ್ನು ಕಪಾಟಿಗೆ ಸೇರಿಸುವುದು ಸಾಮಾನ್ಯವಾಗಿ ಇಂಥ ಬೋಳು ತಿಂಗಳಲ್ಲೇ. ಸದ್ದಿಲ್ಲದ ಎದೆಯಲ್ಲಿ ಊದಿಕೊಂಡ ಗೋಡೆ ಹಾಗೇ ಇರುತ್ತದೆ. ನಗರದ ಗಾಳಿ ಸರಿಯಾಗಲು ಸರ್ಕಾರಗಳು, ನ್ಯಾಯಾಲಯಗಳು, ವರ್ಷಗಳು ಬೇಕು. ಕಪಾಟಿನಿಂದ ಆ ಇನ್‌ಹೇಲರನ್ನು ಹೊರಗೆ ತೆಗೆಯಲು ಬೇಕಾದದ್ದು, ಆರಾಮವಿದ್ದಾಗಲೂ ಕಾಯಿಲೆ ಇದೆ ಎಂಬ ಒಂದು ಅರಿವು.